ಹತ್ತನೇ ಹಂಚು

ಒಂಬತ್ತು ಹಂಚುಗಳವರೆಗೆ ಯಂತ್ರದ ತೋಳುಗಳು ಚಾಚೂ ತಪ್ಪದೆ ಕೆಲಸ ಮಾಡುತ್ತಿದ್ದವು. ಬಲಗೈ ಪ್ರೆಸ್ಸಿನ ಹಿಡಿ ಎಳೆಯುತ್ತಿತ್ತು, ಎಡಗೈ ಒತ್ತಿದ ಹಸಿ ಹಂಚನ್ನು ಹಲಗೆಗೆ ಜಾರಿಸುತ್ತಿತ್ತು. ಹತ್ತನೆಯದು ಮುಗಿದೊಡನೆ ಎಡಗೈ ಪ್ರೆಸ್ಸಿನ ಕಬ್ಬಿಣದ ಚೌಕಟ್ಟಿನ ಮೇಲೆ ಅಂಗೈಯೂರಿ ಸುಮ್ಮನೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಏನೂ ಆಗಿಲ್ಲವೆಂಬಂತೆ ಮತ್ತೆ ಕೆಲಸ.

ಮಂಗಳೂರಿನ ಫಲ್ಗುಣಿ ನದಿಯ ದಡದಲ್ಲಿ, ಮುಚ್ಚಿ ನಲವತ್ತು ವರ್ಷವಾಗಿದ್ದ ಈ ಹಂಚಿನ ಕಾರ್ಖಾನೆ 2061ರ ಆ ತಿಂಗಳು ವಸ್ತುಸಂಗ್ರಹಾಲಯವಾಗಲಿತ್ತು. ತೋಳುಗಳಿಗೆ ಹಳೆಯ ಕೆಲಸ ಕಲಿಸಿದ್ದು ವಿಜ್ಞಾನಿ ಮೇದಿನಿ ಕಂಡುಹಿಡಿದ ‘ಸವೆತ ಓದುಗ’. ಲೋಹ ಎಲ್ಲೆಲ್ಲಿ ಎಷ್ಟೆಷ್ಟು ಸವೆದಿದೆಯೆಂದು ಅಳೆದು, ತುಕ್ಕಿನೊಳಗೆ ಇಳಿದ ಬೆವರಿನ ಉಪ್ಪನ್ನು ಪರೀಕ್ಷಿಸಿ, ಯಾವ ಕೈ ಎಷ್ಟು ಬಲದಿಂದ, ಎಷ್ಟು ಹೊತ್ತು ಅಲ್ಲಿತ್ತೆಂದು ಅದು ಹೇಳುತ್ತಿತ್ತು. ಹೇಳಿದ್ದೇನೋ ಸರಿ. ಯಾಕೆ ಅಲ್ಲಿತ್ತು ಎಂದು ಕೇಳಿದರೆ ಮಾತ್ರ ಅದರ ಬಾಯಿ ಕಟ್ಟುತ್ತಿತ್ತು!

“ಇದು ಬೇಡದ ಚಲನೆ ಅಲ್ವಾ ಮೇಡಂ?” ಎಂದ ನಿಶ್ಚಲ್. ಸಂಗ್ರಹಾಲಯದ ಪ್ರಾಯೋಜಕರಾದ ಪಾರ್ಸೆಲ್ ಕಂಪನಿಯ ಅಧಿಕಾರಿ ಅವನು. “ಮುಂದಿನ ತಿಂಗಳು ಈ ಓದುಗವನ್ನು ನಮ್ಮ ಗೋಡೌನಿಗೂ ಹಾಕ್ತೇವೆ. ಕೆಲಸದವರ ಯಾವ ಚಲನೆ ಬೇಕು, ಯಾವುದು ಬೇಡ ಅಂತ ಅದು ನಿಮ್ಮ ವರದಿಯಿಂದಲೇ ಕಲೀಬೇಕು. ಸ್ವಲ್ಪ ಸ್ಪಷ್ಟ ಮಾಡಿಕೊಡಿ.”

ಸ್ಪಷ್ಟವಾಗಬೇಕಾದದ್ದು ಮೊದಲು ಮೇದಿನಿಗೆ. ಕಾರ್ಖಾನೆಯ ಹಳೆಯ ನಿಯಮಪುಸ್ತಕದಲ್ಲಿ ಉತ್ತರವೇನೋ ಇತ್ತು: ‘ಹತ್ತು ಹಂಚಿಗೊಮ್ಮೆ ಚೌಕಟ್ಟಿಗೆ ಎಡ ಅಂಗೈಯಿಟ್ಟು ಬಿಸಿ ಪರೀಕ್ಷಿಸತಕ್ಕದ್ದು.’ ಆದರೆ ಕೈಯಿಂದ ಎಳೆಯುವ ಪ್ರೆಸ್ಸಿನ ಚೌಕಟ್ಟು ಬಿಸಿಯಾಗುವುದಾದರೂ ಹೇಗೆ? ಬಿಸಿ ನೋಡಲು ಬೆರಳ ತುದಿ ಸಾಕು. ಇಲ್ಲಿ ಅರ್ಧ ಮೈಯ ಭಾರ ಬಿದ್ದಿತ್ತು. ಪುಸ್ತಕ ಒಂದು ಹೇಳುತ್ತಿತ್ತು, ಕಬ್ಬಿಣ ಇನ್ನೊಂದು. ಅವಳಿಗೆ ತಲೆ ಕೆಟ್ಟುಹೋಯಿತು.

ಕೊನೆಗೆ, ಆ ಪ್ರೆಸ್ಸಿನಲ್ಲಿ ದುಡಿದವರಲ್ಲಿ ಉಳಿದಿದ್ದ ಒಬ್ಬರೇ ಒಬ್ಬರನ್ನು, ಎಂಬತ್ತನಾಲ್ಕರ ವಾರಿಜಕ್ಕನನ್ನು ಕರೆಸಿದಳು. ತೋಳು ಅಂಗೈಯೂರಿ ನಿಂತದ್ದನ್ನು ಕಂಡು ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

“ಬಿಸಿಯೂ ಇಲ್ಲ, ಎಂತದೂ ಇಲ್ಲ ಮಾರಾಯ್ರೆ. ಸೊಂಟ ನೋಯ್ತಿತ್ತು. ಒಬ್ಬಳು ನಿಂತ್ರೆ ಮೇಸ್ತ್ರಿ ಬೈತಾರೆ. ಎಲ್ಲರೂ ಹತ್ತಕ್ಕೊಮ್ಮೆ ಕೈಯೂರಿ ನಿಂತ್ರೆ ಅದೂ ಕೆಲಸವೇ ಅಂತ ಗ್ರಹಿಸ್ತಾರೆ. ಕೇಳಿದ್ದಕ್ಕೆ ಬಿಸಿ ನೋಡುದು ಅಂದೆವು. ಪಾಪ, ಅವರು ಅದನ್ನು ಪುಸ್ತಕಕ್ಕೇ ಏರಿಸಿಬಿಟ್ರು. ಮತ್ತೆ ಬಂದ ಹುಡುಗಿಯರಿಗೆ ಅವರೇ ಹೇಳಿಕೊಟ್ಟದ್ದು!”

ಮೇದಿನಿಯೂ ಮನಸಾರೆ ನಕ್ಕಳು. ನಗು ಮುಗಿಯುವ ಮೊದಲೇ ವಾರಿಜಕ್ಕ ಕೇಳಿದರು: “ನೀವು ಇದನ್ನೆಲ್ಲ ಬರೀತೀರಾ?”

“ಬರೀಬೇಕಲ್ವಾ ಅಕ್ಕ? ನಿಜ ಅದೇ ತಾನೇ?”

“ಮುಂದಿನ ತಿಂಗಳು ಇದನ್ನು ಹಾಕ್ತಾರಂತಲ್ಲ, ನನ್ನ ಮೊಮ್ಮಗಳು ಆ ಪಾರ್ಸೆಲ್ ಗೋಡೌನಿನಲ್ಲೇ ಕೆಲಸಕ್ಕೆ ಇರುದು. ಇಡೀ ದಿನ ಪೆಟ್ಟಿಗೆ ಎತ್ತುದು. ನಡುವೆ ಅಲ್ಲಿನ ಕಂಬಕ್ಕೆ ಕೈಯೂರಿ ನಿಲ್ತಾಳೆ. ಕಲಿಸಿದ್ದು ನಾನೇ.”

ಆಕೆ ಹೋದ ಮೇಲೆ ಮೇದಿನಿ ವರದಿ ಬರೆಯಲು ಕುಳಿತಳು. ‘ಬೇಡದ ಚಲನೆ’ ಎಂದರೆ ಓದುಗ ಅದನ್ನು ಗೋಡೌನಿನಲ್ಲೂ ಹುಡುಕಿ ತೆಗೆಸುತ್ತದೆ. ‘ಮೇಸ್ತ್ರಿಯನ್ನು ನಂಬಿಸಿ ಪಡೆದ ವಿಶ್ರಾಂತಿ’ ಎಂದು ನಿಜ ಬರೆದರೂ ತೆಗೆಸುತ್ತದೆ. ಉಳಿದದ್ದು ಪುಸ್ತಕದ ಸುಳ್ಳು. ಆ ಸುಳ್ಳೂ ಈ ಕಾರ್ಖಾನೆಯದೇ ಚರಿತ್ರೆಯಲ್ಲವೇ? ಅಥವಾ ಇದು ತನ್ನ ಮನಸ್ಸು ಹುಡುಕಿಕೊಂಡ ನೆಪವೋ? ಮೂರು ಸಲ ಬರೆದು ಮೂರು ಸಲ ಅಳಿಸಿದಳು. ಇಷ್ಟು ವರ್ಷಗಳಲ್ಲಿ ಅವಳು ಒಂದು ಅಳತೆಯನ್ನೂ ತಿದ್ದಿದವಳಲ್ಲ. ಕೊನೆಗೆ, ‘ಬಿಸಿ ಪರೀಕ್ಷೆ. ಅಗತ್ಯ ಚಲನೆ’ ಎಂದು ಬರೆದು ಕಳಿಸಿದಳು. ಕಳಿಸಿದ ಮೇಲೂ ತಾನು ಮಾಡಿದ್ದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ.

ನಿಶ್ಚಲ್ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ ಅವಳ ಕೋಣೆಯ ಬಾಗಿಲಲ್ಲೇ ನಿಂತ. “ಅಗತ್ಯ ಅಂತ ಬರೆದಿದ್ದೀರಿ. ಹಾಗಾದ್ರೆ ನಮ್ಮಲ್ಲೂ ಇಂಥದ್ದನ್ನು ಬಿಡಬೇಕಾ? ಅಲ್ಲಿ ಯಾವುದೂ ಬಿಸಿಯಾಗುದಿಲ್ಲವಲ್ಲ?”

ಮೇದಿನಿ ಬಾಗಿಲ ಚೌಕಟ್ಟಿನ ಮೇಲೆ ಊರಿದ್ದ ಅವನ ಎಡಗೈ ನೋಡಿದಳು. “ಅದು ಬಿಸಿಯಿದೆಯಾ, ನಿಶ್ಚಲ್?”

ಅವನು ಗಲಿಬಿಲಿಗೊಂಡು ಕೈ ತೆಗೆದು ನೋಡಿದ. ಆ ಚೌಕಟ್ಟಿಗೆ ಬಣ್ಣ ಬಳಿದು ಒಂದು ವರ್ಷವೂ ಆಗಿರಲಿಲ್ಲ. ಅಂಗೈಯಗಲದ ಜಾಗದಲ್ಲಿ ಆ ಬಣ್ಣ ಆಗಲೇ ಸವೆದುಹೋಗಿತ್ತು.