ಖಾಲಿ ಎಲೆಯ ಮುಂದೆ ಯಾರಿದ್ದರು?

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಕುಂದಣಗಿರಿ ಎಂಬ ರಾಜ್ಯವಿತ್ತು. ಅಲ್ಲಿ ವರ್ಷಕ್ಕೊಮ್ಮೆ ಅರಮನೆಯಲ್ಲಿ ದೊಡ್ಡ ಊಟ. ರಾಜನಿಂದ ಹಿಡಿದು ಕುದುರೆ ಕಾಯುವವನವರೆಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕು, ರಾಜನ ಕಿರಿಯ ಮಗಳು ಚಂದಲೆ ಬಡಿಸಬೇಕು. ಹಾಕಿದ ಪ್ರತಿ ಎಲೆಗೂ ಒಬ್ಬರು ಬಂದು ಕೂರುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ಕೂತವರು ಉಣ್ಣದೆ ಏಳುವಂತೆಯೂ ಇಲ್ಲ. ಅದು ಬರಿಯ ಪದ್ಧತಿಯಲ್ಲ; ಏಳಲು ಹೋದರೆ ಕಾಲೇ ಬರುತ್ತಿರಲಿಲ್ಲ.

ಒಂದು ವರ್ಷ ಭಸ್ಮಕೇತನೆಂಬ ಮಾಂತ್ರಿಕ ಬಂದು ಊರಿನ ಮೇಲೆ ಮಂಕುಬೂದಿ ಎರಚಿ ಹೋದ. ಮೂವರು ಮಾಯವಾದರು. ಬರೀ ಮಾಯವಾಗಿದ್ದರೆ ಹುಡುಕಬಹುದಿತ್ತು; ಅವರು ಇದ್ದರೆಂಬುದೇ ಎಲ್ಲರಿಗೂ ಮರೆತುಹೋಯಿತು. ಪಂಕ್ತಿಯಲ್ಲಿ ಮೂರು ಎಲೆ ಖಾಲಿ ಉಳಿದವು. ಮೂರನೆಯದು ರಾಜನ ಪಕ್ಕದ ಎಲೆ. ಅಲ್ಲಿ ಕೂರುವವರದು ಅರ್ಧ ರಾಜ್ಯದ ಅಧಿಕಾರ. ಈಗ ಪಂಕ್ತಿಯಲ್ಲಿ ಯಾರೂ ಉಣ್ಣುವಂತಿಲ್ಲ, ಏಳುವಂತಿಲ್ಲ. ಅನ್ನದ ಹಬೆಯೂ ಆರದೆ ನಿಂತುಬಿಟ್ಟಿತು. ಮಕ್ಕಳು ಹಸಿವಿನಿಂದ ಅತ್ತೂ ಅತ್ತೂ ಸುಮ್ಮನಾದವು. ಓಡಾಡಲು ಸಾಧ್ಯವಿದ್ದದ್ದು ಬಡಿಸುವ ಚಂದಲೆಗೆ ಮಾತ್ರ.

“ಬೂದಿ ಎರಚಿದವನನ್ನು ಹಿಡಿ, ಮಗಳೇ,” ಎಂದ ಮುದಿ ರಾಜ ಇರುಗರಸ. “ಹಾಗೆಯೇ ದಾರಿಯಲ್ಲಿ ಆ ಮೂವರನ್ನೂ ಕರೆದುಕೊಂಡು ಬಾ.”

“ಆ ಮೂವರು ಯಾರು?”

“ಅದು ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ?”

ಚಂದಲೆಗೆ ತಲೆಬುಡ ತಿಳಿಯಲಿಲ್ಲ. ಸುಮ್ಮನೆ ನಿಂತರೆ ಅಳು ಬರುತ್ತಿತ್ತು, ಅದಕ್ಕೇ ಖಾಲಿ ಎಲೆಗಳಿಗೂ ಬಡಿಸುತ್ತ ಹೋದಳು. ಮೊದಲನೆಯ ಎಲೆಗೆ ಬಂದಾಗ ಅವಳ ಕೈ ಅವಳನ್ನು ಕೇಳದೆಯೇ ಮೂರು ಸಲ ತುಪ್ಪ ಸುರಿಯಿತು. ಎರಡನೆಯದಕ್ಕೆ ಪಾಯಸ ಬಡಿಸಿ, ಸ್ವಲ್ಪ ತಡೆದು, ಇನ್ನೊಂದು ಸೌಟು ಹಾಕಿತು. ಮೂರನೆಯದರ ಮುಂದೆ ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ, ಸಿಗದೆ ಹಿಂದೆ ಬಂತು. ಅದೇನೆಂದು ಅವಳಿಗೆ ಹೊಳೆಯಲಿಲ್ಲ.

ತುಪ್ಪ, ಪಾಯಸ, ಒಂದು ಕಟ್ಟು ಎಲೆ, ಸೊಂಟದಲ್ಲಿ ಕತ್ತಿ. ಇಷ್ಟು ತೆಗೆದುಕೊಂಡು ಹೊರಟಳು. ಹೊಳೆಯ ಹತ್ತಿರ ಕಣ್ಣು ಕಾಣದ ನರೆಗೂದಲ ಹೆಂಗಸೊಬ್ಬಳು ಕೂತಿದ್ದಳು. ಚಂದಲೆ ತನ್ನ ಗೋಳು ಹೇಳಿಕೊಂಡಳು.

“ಮೊದಲಿನಂತೆ ಬಡಿಸಿದರೆ ಮೊದಲಿನಂತಾಗುತ್ತಾರೆ,” ಎಂದಳು ಆ ಹೆಂಗಸು.

ಅದು ನಿನಗೆ ಹೇಗೆ ಗೊತ್ತು ಎಂದರೆ, ಗೊತ್ತಿಲ್ಲ ಎಂದಳು. ನೀನು ಯಾರು ಎಂದರೆ, ಅದೂ ಗೊತ್ತಿಲ್ಲ ಎಂದಳು. ಸರಿಹೋಯಿತು, ಕೇಳುವವಳಿಗೂ ತಿಳಿಯದು, ಹೇಳುವವಳಿಗೂ ತಿಳಿಯದು. ಚಂದಲೆ ಅವಳ ಬೆರಳು ಹಿಡಿದು ಹಲಗೆಯ ಸೇತುವೆ ದಾಟಿಸಿ, ಆಚೆ ದಡದ ಮರದ ನೆರಳಲ್ಲಿ ಕೂರಿಸಿ ಮುಂದೆ ಹೋದಳು.

ಕಾಡಿನಲ್ಲಿ ಕರಡಿಯೊಂದು ಗುರುಗುಟ್ಟುತ್ತ ಅಡ್ಡ ಬಂತು. ಚಂದಲೆ ಕತ್ತಿ ಹಿರಿದಳು. ಕರಡಿ ಕತ್ತಿಯನ್ನು ನೋಡಲಿಲ್ಲ, ತುಪ್ಪದ ಗಿಂಡಿಯನ್ನು ನೋಡಿತು. ಕರಡಿಗೆ ತುಪ್ಪ ಬಡಿಸುವ ಹುಚ್ಚರುಂಟೇ ಎಂದು ಬೈದುಕೊಳ್ಳುತ್ತಲೇ ಅವಳು ಎಲೆ ಹಾಸಿದಳು. ಒಂದು ಸಲ ಸುರಿದಾಗ ಅದು ಚಕ್ಕಳಮಕ್ಕಳ ಹಾಕಿ ಕೂತಿತು. ಎರಡನೆಯ ಸಲಕ್ಕೆ ಉಗುರು ಉದುರಿದವು. ಮೂರನೆಯ ಸಲಕ್ಕೆ ಅರಮನೆಯ ಜೆಟ್ಟಿ ಮಾರಯ್ಯ ಮೀಸೆ ಒರೆಸಿಕೊಳ್ಳುತ್ತ, ತಾನಿಲ್ಲಿಗೆ ಹೇಗೆ ಬಂದೆನೆಂದು ಕೇಳಿದ.

ಇಬ್ಬರೂ ಮುಂದೆ ಹೋದರು. ಕುರಿಯಷ್ಟು ದೊಡ್ಡ ಗಿಳಿಯೊಂದು ಮರದಿಂದ ಕಲ್ಲು ಎಸೆಯುತ್ತ “ಸಾಕು, ಸಾಕು” ಎಂದು ಕಿರುಚುತ್ತಿತ್ತು. ಚಂದಲೆ ಎಲೆ ಹಾಸಿ ಪಾಯಸ ಬಡಿಸಿದಳು. ಇಳಿದು ಬಂದು ತಿಂದ ಗಿಳಿ ಮತ್ತೆ ಸಾಕು ಎಂದಿತು. ಮಾರಯ್ಯ ಅದನ್ನು ನಂಬಿ ಪಾತ್ರೆ ಎತ್ತಿಕೊಂಡೇಬಿಟ್ಟ. ಚಂದಲೆ ನಕ್ಕಳು. ಪಂಕ್ತಿಯಲ್ಲಿ ಸಾಕೆಂದವರ ಎಲೆಗೇ ಅಲ್ಲವೇ ಇನ್ನೊಂದು ಸೌಟು ಬೀಳುವುದು? ಆ ಸೌಟು ಬಿದ್ದದ್ದೇ, ಗರಿ ಉದುರಿ ಹಾಡುಗಾರ ಸೋವಣ್ಣ ಬೆರಳು ನೆಕ್ಕುತ್ತ ಕೂತಿದ್ದ.

ಮೂರನೆಯವರು ಮಾತ್ರ ಸಿಗಲಿಲ್ಲ. ಹುಲ್ಲೆಗೂ ಹುತ್ತಕ್ಕೂ ಎಡಗೈ ಚಾಚಿ ನೋಡಿದಳು. ಏನೂ ಆಗಲಿಲ್ಲ. ಮಾಂತ್ರಿಕನ ಸುಳಿವೂ ಇಲ್ಲ. ಮನೆಯವರ ಹಸಿವು ನೆನೆದು ಹಿಂದಿರುಗಿದಳು. ಮರದಡಿಯ ಹೆಂಗಸು ಎಲ್ಲರೂ ಸಿಕ್ಕರೇ ಎಂದು ಕೇಳಿದಳು. ಇಲ್ಲ ಎಂದು ಹೇಳಿ, ಚಂದಲೆ ನಿಲ್ಲದೆ ನಡೆದಳು.

ಮಾರಯ್ಯ, ಸೋವಣ್ಣ ತಮ್ಮ ತಮ್ಮ ಎಲೆಗೆ ಕೂತದ್ದೇ ತಡ, ಎಲ್ಲರಿಗೂ ಅವರ ನೆನಪಾಯಿತು. ಆದರೆ ರಾಜನ ಪಕ್ಕದ ಎಲೆಯ ಮುಂದೆ ಜರಿಯ ಪೇಟದವನೊಬ್ಬ ಆಗಲೇ ಕೂತಿದ್ದ. ತಾನು ರಾಜನ ತಮ್ಮ, ಕಾಣೆಯಾದವನು ತಾನೇ ಎಂದ. ಯಾರಿಗೂ ನೆನಪಿಲ್ಲ, ಅಲ್ಲ ಎನ್ನುವವರು ಯಾರು? ಹಸಿದವರೆಲ್ಲ ತಲೆಯಾಡಿಸಿದರು. ಇರಬಹುದು ಎಂದ ರಾಜ. ಇರಬಹುದೇನೋ ಎಂದುಕೊಂಡು ಚಂದಲೆಯೂ ಬಡಿಸಿದಳು.

ಬಡಿಸುವಾಗ ಅವಳ ಎಡಗೈ ತಾನಾಗಿ ಅವನ ಬೆರಳು ಹಿಡಿದು ಉಪ್ಪಿನ ಕಡೆಗೆ ಒಯ್ದಿತು. ಅವನು ಕೈ ಕಿತ್ತುಕೊಂಡ.

“ನನಗೆ ಕಣ್ಣು ಕಾಣುತ್ತದೆ, ಮಗು.”

ಚಂದಲೆ ಹಾಗೇ ನಿಂತಳು. ಈ ಎಲೆಯ ಮುಂದೆ ಕೂರುತ್ತಿದ್ದವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಲಗೆಯ ಸೇತುವೆಯ ಮೇಲೆ ತಾನು ಹಿಡಿದದ್ದು ಯಾರ ಬೆರಳು?

ಅವಳು ಹೊಳೆಯ ಕಡೆಗೆ ಓಡಿದಳು. ಪೇಟದವನು ಹಿಂದೆ ಹೋಗಲು ನೋಡಿದ, ಕಾಲು ಬರಲಿಲ್ಲ. ಎಲೆಯ ಮುಂದೆ ಕೂತಿದ್ದನಲ್ಲ! ಯಾವ ಕತ್ತಿಗೂ ಸಿಗದ ಭಸ್ಮಕೇತ ಬಾಳೆ ಎಲೆಗೆ ಸಿಕ್ಕಿಬಿದ್ದಿದ್ದ.

ಚಂದಲೆ ಆ ಹೆಂಗಸನ್ನು ಕೈಹಿಡಿದು ಕರೆತಂದು, ಅವಳ ಬೆರಳನ್ನು ರಾಜನ ಪಕ್ಕದ ಅದೇ ಎಲೆಯ ಮೇಲಿಟ್ಟಳು. ಇದು ಉಪ್ಪು, ಇದು ಪಲ್ಯ ಎನ್ನುತ್ತ ಹೋದಳು. ಬೆರಳು ಎಲೆಯ ತುದಿಗೆ ಬಂದು ನಿಂತಿತು.

“ಕೋಸಂಬರಿ ಮರೆತೆಯಲ್ಲ, ಚಂದಲೆ?”

ಮಂಕು ಹರಿಯಿತು. ರಾಜ ಅಳುತ್ತ ರಾಣಿಯ ಹೆಸರು ಕೂಗಿದ. ಚಂದಲೆಗೂ ನೆನಪಾಯಿತು. ತನಗೊಬ್ಬ ಅಮ್ಮ ಇದ್ದಳು. ಅವಳನ್ನೇ ತಾನು ದಾರಿಯಲ್ಲಿ ಕೂರಿಸಿ ಬಂದಿದ್ದಳು. ಭಸ್ಮಕೇತ ಕೂತಲ್ಲೇ ಹಿಡಿ ಬೂದಿಯಾದ. ಆ ದಿನ ಊಟದ ಪಾತ್ರೆಗಳನ್ನು ಆ ಬೂದಿಯಿಂದಲೇ ತಿಕ್ಕಿದರು.

ಎಲ್ಲರೂ ಹೊಟ್ಟೆ ತುಂಬ ಉಂಡು ಎದ್ದ ಮೇಲೆ ಬಡಿಸಿದವಳ ಎಲೆ ಬಿತ್ತು. ಅವಳಿಗೆ ಅಮ್ಮನೇ ಬಡಿಸಿದಳು. ಸಾರು ಅರ್ಧ ಎಲೆಗೆ, ಅರ್ಧ ನೆಲಕ್ಕೆ ಬಿತ್ತು. ಚಂದಲೆ ಸಾಕು ಎಂದಳು, ಅಮ್ಮ ಇನ್ನೊಂದು ಸೌಟು ಹಾಕಿದಳು. ಅಂದಿನಿಂದ ಕುಂದಣಗಿರಿಯಲ್ಲಿ ಯಾವ ಎಲೆಯೂ ಖಾಲಿ ಉಳಿಯಲಿಲ್ಲ, ಯಾರೂ ಹಸಿದು ಮಲಗಲಿಲ್ಲ.