ಮೊದಲು ಮನೆಯಲ್ಲಿ

"ಬೇಡ ಕಣೋ... ನಿನ್ನ ಕಾಲು ಹಿಡೀತೀನಿ, ಬೇಡ!"

ಹೆತ್ತ ತಾಯಿ ಮಗನ ಕಾಲಿಗೆ ಬೀಳುವುದೆಂದರೆ! ಕಿರಿಮಗ ಬೆಚ್ಚಿ ಹಿಂದೆ ಸರಿದ. ಪಕ್ಕದ ಕೋಣೆಯಲ್ಲಿ ಸೊಸೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ನಾಳೆ ಚರ್ಚ್ ಸಭೇಲಿ, ಯೇಸು ನನ್ನ ಹೇಗೆ ಬದಲಾಯಿಸಿದ ಅಂತ ನಾನು ಸಾಕ್ಷಿ ಹೇಳಬೇಕಮ್ಮ. ಮೊದಲು ಮನೇಲಿ ಹೇಳದೆ ಅಲ್ಲಿ ಬಾಯಿ ಬಿಡಬಾರದು ಅಂತ ಪಾಸ್ಟರ್ ಹೇಳಿದಾರೆ."

ಯುವಜನರ ಕೂಟಕ್ಕೆ ಪಾಸ್ಟರ್ ಹಾಕಿದ್ದ ನಿಯಮ ಅದು. 'ಮನೆಗೆ ಮಾರಿ, ಊರಿಗೆ ಉಪಕಾರಿ ಆಗಬೇಡಿ. ಯೇಸು ನಿಮ್ಮನ್ನು ಬದಲಾಯಿಸಿದ್ದು ನಿಜವಾದರೆ ಮನೆಯವರ ಮುಂದೆ ಧೈರ್ಯವಾಗಿ ಹೇಳಿ. ಬೀದಿಗೆ ಆಮೇಲೆ ಹೋಗೋಣ' ಎನ್ನುತ್ತಿದ್ದರು. ಕುಡಿದು ಚರಂಡಿ ಪಕ್ಕ ಬೀಳುತ್ತಿದ್ದ ಮಗ ಬಾಟಲಿ ಬಿಟ್ಟು ಬೈಬಲ್ ಹಿಡಿದಾಗ ಬೀದಿಯವರು 'ಮರಿ ಪಾದ್ರಿ' ಎಂದು ಛೇಡಿಸಿದರೂ ತಾಯಿ ಹಿಗ್ಗಿ ಹೀರೇಕಾಯಿ ಆಗಿದ್ದಳು. ದೇವರು ಕುಡಿತವನ್ನಷ್ಟೇ ಬಿಡಿಸುತ್ತಾನೆಂದು ತಿಳಿದಿದ್ದಳು ಪಾಪ! ನಾಲಿಗೆಯನ್ನೂ ಬಿಚ್ಚಿಸುತ್ತಾನೆಂದು ಅವಳಿಗೇನು ಗೊತ್ತು?

ಹಿರಿಯ ಮಗ ತೀರಿಕೊಂಡದ್ದು ತಮ್ಮದೇ ಬೇಕರಿಯಲ್ಲಿ. ಸಂಜೆ ಒಲೆ ಆರಿಸಿ ಬಾಗಿಲು ಹಾಕಿದವಳು ಅವನ ಹೆಂಡತಿ, ಈ ಸೊಸೆ. ಬೆಳಗ್ಗೆ ಅವನು ಕಡ್ಡಿ ಗೀರಿದ್ದೇ ತಡ, ತುಂಬಿಕೊಂಡಿದ್ದ ಗ್ಯಾಸ್ ಭಗ್ಗೆಂದಿತು. ಗ್ಯಾಸ್ ಬಿಟ್ಟು ಬಂದವಳು ಅವಳೇ ಎಂದು ಎಲ್ಲರೂ ನಂಬಿದರು. ಕೊನೆಗೆ ಅವಳೂ ನಂಬಿದಳು. ಆದರೆ ಆ ರಾತ್ರಿ ಅಮಲಿನಲ್ಲಿ ಒಳಹೊಕ್ಕು ಟೀ ಕಾಯಿಸಿ ಕುಡಿದವನು ಕಿರಿಮಗ. ಅವನು ಬೇಕರಿಯ ಹಿಂಬಾಗಿಲಿನಿಂದ ತೂರಾಡುತ್ತ ಬಂದದ್ದನ್ನು ತಾಯಿ ಕಣ್ಣಾರೆ ಕಂಡಿದ್ದಳು. ಕಂಡೂ 'ಗಂಡನನ್ನು ನುಂಗಿದವಳು' ಎಂದು ಸೊಸೆಯನ್ನು ಹುರಿದು ಮುಕ್ಕಿದ್ದಳು.

"ಒಬ್ಬನ್ನ ಮಣ್ಣಿಗೆ ಕೊಟ್ಟೆ, ನಿನ್ನ ಜೈಲಿಗೆ ಕೊಡ್ಲಾ? ದೇವರಿಗೆ ಗೊತ್ತಲ್ಲ, ಸಾಲ್ದಾ?"

"ಅತ್ತಿಗೆಗೆ ಗೊತ್ತಿಲ್ವಲ್ಲಮ್ಮ! ನೀನು ನೋಡಿದ್ದನ್ನ ನಾನು ಎತ್ತಲ್ಲ. ನನ್ನ ತಪ್ಪು ಮಾತ್ರ ಹೇಳ್ತೀನಿ."

ಸಂಜೆಯ ಪ್ರಾರ್ಥನೆಗೆ ಮೂವರೂ ಮೊಣಕಾಲೂರಿದರು. ಆಮೆನ್ ಹೇಳುವ ಮೊದಲೇ ಮಗ ಬಿಕ್ಕಿದ.

"ಅತ್ತಿಗೆ... ಗ್ಯಾಸ್ ಬಿಟ್ಟಿದ್ದು ನೀವಲ್ಲ. ನಾನು. ಕುಡಿದಿದ್ದೆ... ಅಣ್ಣನ್ನ ಕೊಂದಿದ್ದು ನಾನು! ಯೇಸುಸ್ವಾಮಿ ನನ್ನ ಕ್ಷಮಿಸಿದಾರೆ ಅಂತ ಕಂಡವರಿಗೆಲ್ಲ ಹೇಳ್ಕೊಂಡು ತಿರುಗಿದೆ. ನಿಮ್ಮ ಮುಖ ನೋಡೋ ಧೈರ್ಯ ಮಾತ್ರ ಬರಲಿಲ್ಲ. ನಾಳೆ ಸಭೇಲಿ ಹೇಳಿ, ಅಲ್ಲಿಂದ ಪೊಲೀಸರ ಹತ್ರ ಹೋಗ್ತೀನಿ."

ಸೊಸೆ ಅಳಲಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ನಾನಲ್ವಾ?... ಆರಿಸಿದ್ದೆ... ಆರಿಸಿದ ನೆನಪಿತ್ತು ನಂಗೆ!" ಎಂದಳು. ಆಮೇಲೆ ಏನು ತೋಚಿತೋ, ಅತ್ತೆಯನ್ನು ಬಾಚಿ ತಬ್ಬಿಕೊಂಡಳು.

"ಅತ್ತೆ, ಇದನ್ನ ಹೇಗೆ ತಡ್ಕೋತೀರಿ ನೀವು? ನಿಮಗೂ ಗೊತ್ತಿರಲಿಲ್ಲ, ಪಾಪ..."

ತಾಯಿ ಸುಮ್ಮನಿದ್ದರೆ ಸಾಕಿತ್ತು. ಮಗ ಹೋದರೂ ಸೊಸೆಯಾದರೂ ಉಳಿಯುತ್ತಿದ್ದಳು. ಆ ತಬ್ಬುಗೆಯಲ್ಲಿ ಅಯ್ಯೋ, ಎಷ್ಟು ಮರುಕವಿತ್ತು! ಉಗುಳಲಾರದ, ನುಂಗಲಾರದ ಬಿಸಿ ತುಪ್ಪವಾಯಿತು ಆ ಮುದುಕಿಗೆ. ಎದುರಿಗೆ ಮಗ ತಲೆ ತಗ್ಗಿಸಿ ಕೂತಿದ್ದ. ಮಾತು ಕೊಟ್ಟಂತೆ ಅವಳ ಸುದ್ದಿ ಎತ್ತಿರಲಿಲ್ಲ.

"ನಂಗೆ ಗೊತ್ತಿತ್ತು ಕಣೇ," ಎಂದಳು.

ಸೊಸೆಯ ಕೈ ಸಡಿಲವಾಯಿತು.

"ಅವರನ್ನ ಹೂಳೋವಾಗ ಪೆಟ್ಟಿಗೆ ಮೇಲೆ ಒಂದು ಹಿಡಿ ಮಣ್ಣು ಹಾಕೋಕೆ ಬಂದೆ. ಕೊಂದ ಕೈ ಅಂತ ತಳ್ಳಿಬಿಟ್ರಿ. ಆಗಲೂ ಗೊತ್ತಿತ್ತಾ?"

"ಗೊತ್ತಿತ್ತು..."

ಸೊಸೆ ಎದ್ದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಸಭೆಯಲ್ಲಿ ಪಾಸ್ಟರ್ ಮಗನನ್ನು ಕರೆದಾಗ ತಾಯಿಯೇ ಮೊದಲು ಎದ್ದಳು. "ನನ್ನ ಮಗ ತನ್ನದು ಹೇಳ್ತಾನೆ. ಅದಕ್ಕೂ ಮುಂಚೆ ನಂದಿದೆ. ನನ್ನ ಸೊಸೆ ಯಾರನ್ನೂ ಕೊಂದಿಲ್ಲ. ಗೊತ್ತಿದ್ದೂ ಅವಳ ತಲೆಗೆ ಕಟ್ಟಿದವಳು ನಾನು!"

ಬಟ್ಟೆಯ ಚೀಲ ಹಿಡಿದು ಕೊನೆಯ ಬೆಂಚಿನಲ್ಲಿ ಕೂತಿದ್ದ ಸೊಸೆ ಅಷ್ಟನ್ನು ಕೇಳಿ ಎದ್ದಳು; ಬಾಗಿಲಿನತ್ತ ನಡೆದಳು. ತಾಯಿ ಅವಳತ್ತ ಒಂದು ಹೆಜ್ಜೆ ಇಟ್ಟು ನಿಂತಳು. ಮಗ ಓಡಿಬಂದು ತೋಳು ಹಿಡಿದ.

"ಕೂತ್ಕೋಮ್ಮ... ಅತ್ತಿಗೆ ಹೊರಟುಹೋದ್ರು."

"ಹೋಗ್ಲಿ ಬಿಡು. ಇನ್ನೂ ಇದೆ ಕಣೋ," ಎಂದಳು ತಾಯಿ. ತೆರೆದಿದ್ದ ಬಾಗಿಲನ್ನೇ ನೋಡುತ್ತ, ಮಣ್ಣು ಹಾಕಲು ಬಂದವಳನ್ನು ತಳ್ಳಿದ್ದನ್ನೂ ಉಳಿದದ್ದನ್ನೂ ಗಟ್ಟಿಯಾಗಿ ಹೇಳತೊಡಗಿದಳು.