ಏಡಿ ಬಿಲದ ನೀರು

ಸೀಗೆಹೊಳೆ ಜಲಾನಯನ ಪ್ರದೇಶದ ಕೆರೆ, ಕಾಲುವೆ, ಬಾವಿಗಳಿಗೆಲ್ಲ ಹನಿಜಾಡು ಯಂತ್ರ ಅಳವಡಿಸಿದ ವರ್ಷ ಅದು ಹಿಡಿದ ಮೊದಲ ಕಳ್ಳ ಗದ್ದೆಗಳಿಗೆ ಕೆರೆನೀರು ಹಾಯಿಸುವ ಮೇಲಿನಹಟ್ಟಿಯ ನೀರುಗಂಟಿ ಮೂಡ್ಲಯ್ಯ.

ಯಂತ್ರದ ತತ್ತ್ವ ಸರಳ. ಮಳೆನೀರು ಕಲ್ಲುಗುಡ್ಡ, ಹುಲ್ಲುಗಾವಲು, ಹೊಲಗಳ ಮೇಲೆ ಹರಿಯುವಾಗ ಆಯಾ ಮಣ್ಣಿನ ಲವಣಗಳನ್ನು ಹೊತ್ತು ತರುತ್ತದೆ. ಆ ಲವಣಗುರುತನ್ನು ಓದಿದರೆ ಹನಿ ಎಲ್ಲಿ ಬಿತ್ತು, ಯಾವ ದಾರಿ ಹಿಡಿಯಿತು ಎಂಬುದು ತಿಳಿಯುತ್ತದೆ. ಕೆರೆಯಿಂದ ಬಿಟ್ಟ ನೀರಿನಲ್ಲಿ ನೂರಕ್ಕೆ ಹನ್ನೊಂದು ಪಾಲು ಗದ್ದೆ ಮುಟ್ಟುತ್ತಿಲ್ಲವೆಂದೂ, ಕಾಲುವೆ ದಂಡೆಯ ನಲವತ್ತು ಮಾರು ಉದ್ದಕ್ಕೆ ಇರುವ ಏಡಿ ಬಿಲಗಳಲ್ಲಿ ಇಳಿದುಹೋಗುತ್ತಿದೆಯೆಂದೂ ಅದು ತೋರಿಸಿತು.

ಬಿಲ ಮುಚ್ಚುವುದು ನೀರುಗಂಟಿಯ ಕೆಲಸ. ಮೂಡ್ಲಯ್ಯ ಉಳಿದೆಡೆಯೆಲ್ಲ ಮುಚ್ಚಿದ್ದ. ಆ ನಲವತ್ತು ಮಾರು ಮಾತ್ರ ಬಿಟ್ಟಿದ್ದ, ಯಾಕೆಂದರೆ ಅವನಿಗೆ ಏಡಿ ಸಾರು ಇಷ್ಟ. ಅವನ ಅಪ್ಪನೂ, ಅಜ್ಜನೂ ಹಾಗೇ ಬಿಟ್ಟಿದ್ದರು. ಮೂರು ತಲೆಮಾರಿನ ನಾಲಿಗೆ ಆ ಸಾರಿಗೆ ಸೋತಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಜಲಮಂಡಳಿ ಅವನನ್ನು ತೆಗೆದುಹಾಕಿ, ದಂಡೆಗೆ ಗಟ್ಟಿ ಅಂಟು ಬಳಿಸಿತು. ಏಡಿಗಳು ಊರು ಬಿಟ್ಟವು. ಸುಗ್ಗಿಯಲ್ಲಿ ನೀರುಗಂಟಿಯನ್ನು ಕಣಕ್ಕೆ ಕರೆದು ಮೊರದ ತುಂಬ ಭತ್ತ ಕೊಡುವುದು ವಾಡಿಕೆ. ಆ ವರ್ಷ ಯಾರೂ ಕರೆಯಲಿಲ್ಲ. ಮೂಡ್ಲಯ್ಯನಿಗೆ ಭತ್ತ ಸಿಗದ್ದಕ್ಕಿಂತ ಕರೆಯದೇ ಹೋದದ್ದಕ್ಕೆ ಹೆಚ್ಚು ನೋವಾಯಿತು.

ಬೇಸಿಗೆಯಲ್ಲಿ ಕೆಳಗಿನಹಟ್ಟಿಯ ಬಾವಿಗಳು ಬತ್ತಿದವು. ಆ ಊರಿಗೆ ಕೊಟ್ಟಿದ್ದ ಮೂಡ್ಲಯ್ಯನ ಮಗಳು ಪುಟ್ಟೀರಿ ಎರಡು ಮೈಲಿಯಿಂದ ನೀರು ಹೊರತೊಡಗಿದಳು. ಯಂತ್ರ ಕಂಡುಹಿಡಿದ ಡಾಕ್ಟರ್ ಇಂದುಧರ ಹಳೆಯ ದಾಖಲೆ ತೆಗೆದು ನೋಡಿದರು. ಅಲ್ಲಿನ ಬಾವಿನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಏಡಿ ಬಿಲಗಳಲ್ಲಿ ಇಳಿದು, ಮರಳುಪದರದಲ್ಲಿ ಆರು ತಿಂಗಳು ನಡೆದು ಬಂದದ್ದಾಗಿತ್ತು. ಅಂಟು ಕೀಳಿಸಿ, ಕೊರೆಯುವ ಯಂತ್ರದಿಂದ ತೂತು ಹಾಕಿಸಿದರು. ವಾರದಲ್ಲಿ ಹೂಳು ತುಂಬಿತು. ದಿನವೂ ಬಿಲ ಕೆರೆದು ಚೊಕ್ಕ ಮಾಡುವ ಕೆಲಸ ಏಡಿಯದು.

ದಂಡೆಗೆ ಮತ್ತೆ ಏಡಿ ತಂದು ಬಿಡಬೇಕೆಂದು ಕೇಳಲು ಇಂದುಧರರು ಮೂಡ್ಲಯ್ಯನ ಮನೆಗೇ ಬಂದರು. "ಕೆಳಗಿನ ಊರಿನ ಪಾಲು ಅಂತ ತಿಳಿದೇ ನಿಮ್ಮ ಹಿರಿಯರು ಬಿಲ ಬಿಟ್ಟಿದ್ದಾರೆ," ಎಂದರು.

"ಇಲ್ಲ ಸ್ವಾಮಿ, ಸಾರಿಗೆ ಬಿಟ್ಟಿದ್ದು," ಎಂದ ಮೂಡ್ಲಯ್ಯ. "ಆದ್ರೆ ಮಗ್ಳು ಕೊಡ ಹೊರೋದ ನೋಡಾಕಾಗಲ್ಲ. ನಡೀರಿ."

ಮೇಲಿನ ಹಳ್ಳದಿಂದ ಬುಟ್ಟಿಗಟ್ಟಲೆ ಏಡಿ ಹಿಡಿದು ತಂದು ದಂಡೆಗೆ ಬಿಟ್ಟ. ಇಂದುಧರರು ವರದಿಯಲ್ಲಿ 'ಪಾರಂಪರಿಕ ಜಲಜ್ಞಾನ' ಎಂದೇ ಬರೆದರು. ಮರುವರ್ಷ ಬಾವಿಗಳು ತುಂಬಿದವು. ಸುಗ್ಗಿಯಲ್ಲಿ ಎರಡೂ ಊರಿನವರು ಅವನನ್ನು ಕಣಕ್ಕೆ ಕರೆದರು. ಮೂಡ್ಲಯ್ಯ ಅತ್ತುಬಿಟ್ಟ.

ಕೆಲಸಕ್ಕೆ ಮರಳಿ ಸೇರಿಸಿಕೊಂಡ ಆದೇಶದಲ್ಲಿ ಇನ್ನೊಂದು ಸಾಲಿತ್ತು. ಏಡಿಗಳು ಇನ್ನು ಜಲರಕ್ಷಕ ಜೀವಿಗಳು, ಹಿಡಿಯುವುದು ಅಪರಾಧ, ಕಾವಲು ಮೂಡ್ಲಯ್ಯನದು. ಆ ವರ್ಷ ಏಡಿಗಳು ಚೆನ್ನಾಗಿ ಕೊಬ್ಬಿದ್ದವು.

"ಮೂರು ತಲೆಮಾರು ತಿಂದ್ರೂ ಮುಗೀಲಿಲ್ಲ, ಈಗ ಒಂದು ತಂದ್ರೆ ಮುಗ್ದೋಯ್ತದಾ?" ಎಂದಳು ಹೆಂಡತಿ ಕೆಂಚಮ್ಮ.

"ಆಗ ನಂಗೆ ಗೊತ್ತಿರ್ನಿಲ್ಲ. ಈಗ ಬಾಯಿಗಿಟ್ರೆ ಮಗಳ ಕೊಡಕ್ಕೆ ಕೈ ಹಾಕ್ದಂಗಾಯ್ತದೆ," ಎಂದು ಮೂಡ್ಲಯ್ಯ ಹುರುಳಿ ಸಾರು ಬಡಿಸಿಕೊಂಡ.